ಠರಾವು ಕಳಿಸಿದ್ದೇವೆ, ಮುಂದೇನು?

ಪಂಚಾಯತಿ ಪ್ರಶ್ನೋತ್ತರ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯತಿ ಅಧ್ಯಕ್ಷೆ. ನಮ್ಮಲ್ಲಿ ಇರುವುದು ಆರೋಗ್ಯ ಉಪಕೇಂದ್ರ ಮಾತ್ರ. ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ಮುಖ್ಯಮಂತ್ರಿಗಳಿಂದ ಹಿಡಿದು ಎಲ್ಲರಿಗೂ ಕಳಿಸಿದೆವು. ಒಂದೇ ಕಡೆಯಿಂದ 'ಮಾನದಂಡಕ್ಕೆ ಒಳಪಡುವುದಿಲ್ಲ' ಎಂದು ಹಿಂಬರಹ ಬಂತು. ಉಳಿದವರು ಉತ್ತರವನ್ನೇ ಕೊಟ್ಟಿಲ್ಲ. ನಮ್ಮ ಠರಾವಿಗೆ ಬೆಲೆಯೇ ಇಲ್ಲವೇ?

ಅಧ್ಯಕ್ಷರೇ, ಬೆಲೆ ಇದೆ. ಆದರೆ ಆ ಹಿಂಬರಹವನ್ನು ಬೈದು ಪಕ್ಕಕ್ಕೆ ಇಡಬೇಡಿ. ನಿಮಗೆ ಬಂದ ಕಾಗದಗಳಲ್ಲಿ ಕೆಲಸಕ್ಕೆ ಬರುವುದು ಅದೊಂದೇ.

ಬಯಲು ಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನಸಂಖ್ಯೆ ಎಂಬುದು ಲೆಕ್ಕ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000. ನಮ್ಮ ಪಂಚಾಯತ್ ರಾಜ್ ಕಾಯ್ದೆ ಒಂದು ಗ್ರಾಮ ಪಂಚಾಯತಿಗೆ ಸಾಮಾನ್ಯವಾಗಿ ಇಟ್ಟಿರುವ ಅಳತೆ 5,000ದಿಂದ 7,000 ಜನ. ಅಂದರೆ ನಿಮ್ಮ ಒಂದೇ ಪಂಚಾಯತಿ ಎಷ್ಟು ಸಲ ಕೇಳಿದರೂ ಆ ಗುಮಾಸ್ತರು ಅದೇ ಉತ್ತರ ಬರೆಯುತ್ತಾರೆ, ಅವರ ಮುಂದಿರುವ ಸುತ್ತೋಲೆ ಅಷ್ಟೇ ಹೇಳುವುದು. ಹಾಗಾಗಿ ಮೊದಲು ಅಕ್ಕಪಕ್ಕದ ನಾಲ್ಕೈದು ಪಂಚಾಯತಿಗಳ ಅಧ್ಯಕ್ಷರನ್ನು ಒಂದು ಕಡೆ ಕೂರಿಸಿ. ಕೇಂದ್ರ ಯಾವ ಊರಲ್ಲಿ ಆಗಬೇಕು ಎಂಬ ಜಗಳವನ್ನು ಅಲ್ಲೇ ಮುಗಿಸಿಕೊಳ್ಳಿ. ಬಹಳ ಕಡೆ ಬೇಡಿಕೆ ಸಾಯುವುದು ಬೆಂಗಳೂರಿನಲ್ಲಲ್ಲ, ಈ ಜಗಳದಲ್ಲೇ. ಒಪ್ಪಿದ ಮೇಲೆ ಅಷ್ಟೂ ಪಂಚಾಯತಿಗಳು ಒಂದೇ ಒಕ್ಕಣೆಯ ಠರಾವು ಮಾಡಲಿ, ಎಲ್ಲ ಊರುಗಳ ಜನಸಂಖ್ಯೆ ಕೂಡಿಸಿ ಮೊದಲ ಪುಟದಲ್ಲೇ ಬರಲಿ.

ಇನ್ನೊಂದು ಮಾತು. 'ಜನರಿಗೆ ತುಂಬಾ ತೊಂದರೆಯಾಗಿದೆ' ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಈಗಿರುವ ಆಸ್ಪತ್ರೆ ಪ್ರತಿ ಊರಿಂದ ಎಷ್ಟು ಕಿಲೋಮೀಟರ್, ಕೊನೆಯ ಬಸ್ ಎಷ್ಟು ಗಂಟೆಗೆ, ಕಳೆದ ವರ್ಷ ಎಷ್ಟು ಹೆರಿಗೆ ಆಯಿತು, ಅದರಲ್ಲಿ ದಾರಿಯಲ್ಲೇ ಆದದ್ದು ಎಷ್ಟು, 108 ಆಂಬುಲೆನ್ಸ್ ಬರಲು ಎಷ್ಟು ಹೊತ್ತು ಹಿಡಿಯಿತು, ಇವನ್ನೆಲ್ಲ ಆಶಾ ಕಾರ್ಯಕರ್ತೆಯರ ಜೊತೆ ಕೂತು ಬರೆದುಕೊಳ್ಳಿ. ಕಟ್ಟಡಕ್ಕೆ ಜಾಗ ಗುರುತಿಸಿ ತಹಶೀಲ್ದಾರರಿಂದ ಪತ್ರ ಪಡೆಯಿರಿ. ಜಾಗ ತೋರಿಸುವ ಪ್ರಸ್ತಾವನೆಗೂ ಜಾಗ ಕೇಳುವ ಪ್ರಸ್ತಾವನೆಗೂ ಬಹಳ ವ್ಯತ್ಯಾಸ ಇದೆ.

ಆಮೇಲೆ ಅದನ್ನು ಎಲ್ಲರಿಗೂ ಕಳಿಸಬೇಡಿ. ಎಲ್ಲರಿಗೂ ಹೋದದ್ದು ಯಾರದೂ ಅಲ್ಲ. ತಾಲ್ಲೂಕು ಆರೋಗ್ಯಾಧಿಕಾರಿ, ಅಲ್ಲಿಂದ ಜಿಲ್ಲಾ ಆರೋಗ್ಯಾಧಿಕಾರಿ, ಅಲ್ಲಿಂದ ಬೆಂಗಳೂರಿನ ಆರೋಗ್ಯ ಇಲಾಖೆ, ಹೀಗೆ ಅದು ಹೋಗಬೇಕು. ಹೊಸ ಕೇಂದ್ರ ಎಂದರೆ ಹೊಸ ಹುದ್ದೆಗಳು, ಹೊಸ ಹುದ್ದೆ ಎಂದರೆ ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕೇ ಬೇಕು. ಕಡತಗಳು ಜಾಸ್ತಿ ದಿನ ಮಲಗುವುದು ಅಲ್ಲೇ. ಅದಕ್ಕೇ ನಿಮ್ಮ ಶಾಸಕರಿಗೆ 'ಆಸ್ಪತ್ರೆ ಮಾಡಿಸಿಕೊಡಿ' ಎನ್ನುವ ಬದಲು ಕಡತದ ಸಂಖ್ಯೆ ಕೊಟ್ಟು 'ಇದು ಈಗ ಈ ಟೇಬಲ್ಲಿನಲ್ಲಿದೆ, ಒಂದು ಮಾತು ಹೇಳಿ' ಎನ್ನಿ. ಸಂಖ್ಯೆ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಕಟ್ಟಡದ ದುಡ್ಡಿಗೆ ನಿಮ್ಮ ಭಾಗದವರಿಗೆ ಇನ್ನೊಂದು ಬಾಗಿಲೂ ಇದೆ: ಸಂವಿಧಾನದ 371ಜೆ ವಿಧಿಯ ಆಸರೆಯಲ್ಲಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಕೊಪ್ಪಳ ಅದರ ವ್ಯಾಪ್ತಿಯಲ್ಲೇ ಬರುತ್ತದೆ.

ಅಲ್ಲಿಯವರೆಗೆ ಸುಮ್ನೆ ಕಾಯಬೇಡಿ. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿ ಹುದ್ದೆ ಖಾಲಿ ಇದ್ದರೆ ತುಂಬಿ ಎಂದು, ವಾರಕ್ಕೊಂದು ದಿನ ವೈದ್ಯರು ಬರಲಿ ಎಂದು ಈಗಲೇ ಕೇಳಿ. ಇವಕ್ಕೆ ವಿಧಾನಸೌಧದವರೆಗೆ ಹೋಗಬೇಕಿಲ್ಲ, ಜಿಲ್ಲೆಯಲ್ಲೇ ಒತ್ತಡ ಹಾಕಬಹುದು.

ಪ್ರಶ್ನೆ: ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿ ಸದಸ್ಯರೇ ಇಲ್ಲ. ನಮ್ಮ ಮಾತನ್ನು ಮೇಲಕ್ಕೆ ಒಯ್ಯುವವರು ಯಾರು? (ಸದಸ್ಯರು, ಮೈಸೂರು ಜಿಲ್ಲೆ)

ನನಗೆ ಅತ್ಯಂತ ಬೇಸರ ತರುವ ವಿಷಯ ಇದು. ಆ ಎರಡೂ ಹಂತಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಎಂದು ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಹೇಳಿದರೂ ಆಗಲಿಲ್ಲ. ಗೆದ್ದವರು ಕೂರಬೇಕಾದ ಕುರ್ಚಿಯಲ್ಲಿ ಆಡಳಿತಾಧಿಕಾರಿ ಕೂತರು. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಕಾಲದ ವ್ಯವಸ್ಥೆಯಲ್ಲಿ, 1987ರ ಚುನಾವಣೆ ಆದ ಮೇಲೆ, ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಇತ್ತು. ಅಂಥ ರಾಜ್ಯ ಇದು. ಮಧ್ಯದ ಎರಡು ಮೆಟ್ಟಿಲು ಕಿತ್ತುಹಾಕಿ ಗ್ರಾಮ ಪಂಚಾಯತಿಗೆ 'ಮೇಲೆ ಬಂದು ಕೇಳು' ಎಂದರೆ ಹೇಗೆ ಹತ್ತುವುದು?

ಆದರೂ ದಾರಿ ಇದೆ. ತಾಲ್ಲೂಕಿನ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆ, ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುತ್ತದೆ, ಎಲ್ಲ ಇಲಾಖೆಯವರೂ ಅಲ್ಲಿ ಇರುತ್ತಾರೆ. ಸಭೆಗೆ ವಾರ ಮೊದಲೇ ನಿಮ್ಮ ವಿಷಯವನ್ನು ಬರಹದಲ್ಲಿ ಶಾಸಕರಿಗೂ ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಗೂ ಕೊಡಿ. ಅದು ನಡಾವಳಿಯಲ್ಲಿ ಬಂದರೆ ಮುಂದಿನ ಸಭೆಯಲ್ಲಿ 'ಏನಾಯಿತು?' ಎಂದು ಕೇಳಲು ಆಧಾರ ಇರುತ್ತದೆ.

ಎರಡನೆಯದನ್ನು ನೀವೆಲ್ಲ ಮರೆತೇಬಿಟ್ಟಿದ್ದೀರಿ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಾನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ್ದು. ಅಲ್ಲಿ ಮತ ಹಾಕುವವರಲ್ಲಿ ಬಹುಪಾಲು ಗ್ರಾಮ ಪಂಚಾಯತಿ ಸದಸ್ಯರೇ. ಚುನಾವಣೆ ಹೊತ್ತಿಗೆ ಅಭ್ಯರ್ಥಿಗಳು ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ, ಗೆದ್ದ ಮೇಲೆ ಆರು ವರ್ಷ ನೀವು ಅವರ ಬಾಗಿಲಿಗೆ ಹೋಗುವುದೇ ಇಲ್ಲ. ಯಾಕೆ? ಪರಿಷತ್ತಿನಲ್ಲಿ ಅವರು ಒಂದು ಲಿಖಿತ ಪ್ರಶ್ನೆ ಹಾಕಿದರೆ ಇಲಾಖೆ ಉತ್ತರ ಕೊಡಲೇಬೇಕು, ವರ್ಷದಿಂದ ಅಲ್ಲಾಡದ ಕಡತಕ್ಕೂ ಆಗ ಚಲನೆ ಬರುತ್ತದೆ. ಆ ಪ್ರಶ್ನೆಯನ್ನು ನೀವೇ ಬರೆದು ಕೊಡಿ.

ಪ್ರಶ್ನೆ: ಹಣಕಾಸು ಆಯೋಗದ ದುಡ್ಡು ಬರುತ್ತದೆ, ಆದರೆ ನಮಗೆ ಬೇಕಾದ ರಸ್ತೆಗೆ ಹಾಕಲು ಬಿಡುವುದಿಲ್ಲ. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿದರೆ ಕೈ ಎತ್ತುತ್ತಾರೆ. (ಹಾಸನ ಜಿಲ್ಲೆ)

ಪಿಡಿಒ ಅವರದು ತಪ್ಪಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಮಾಡಿದ ಶಿಫಾರಸಿನಲ್ಲಿ ಶೇ 60ರಷ್ಟು ಅನುದಾನ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಉಳಿದ ಶೇ 40 ಊರಿನ ಅಗತ್ಯಕ್ಕೆ, ಅದರಲ್ಲೂ ಸಂಬಳ ಕೊಡುವ ಹಾಗಿಲ್ಲ. ಇದನ್ನು ಬದಲಿಸುವ ಶಕ್ತಿ ತಾಲ್ಲೂಕಿನಲ್ಲೂ ಇಲ್ಲ, ಜಿಲ್ಲೆಯಲ್ಲೂ ಇಲ್ಲ.

ಹಾಗಾದರೆ ಎಲ್ಲಿ ಕೇಳಬೇಕು? ಆಯೋಗದ ಮುಂದೆಯೇ. ಕೇಂದ್ರದ ಹಣಕಾಸು ಆಯೋಗ ರಾಜ್ಯಗಳಿಗೆ ಬಂದಾಗ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳನ್ನೂ ಕೂರಿಸಿ ಕೇಳುವ ರೂಢಿ ಇದೆ. ರಾಜ್ಯದ ಪಾಲು ಹಂಚಲು 243ಐ ವಿಧಿಯಡಿ ಐದು ವರ್ಷಕ್ಕೊಮ್ಮೆ ಆಗಬೇಕಾದ ರಾಜ್ಯ ಹಣಕಾಸು ಆಯೋಗವೂ ಇದೆ. ನಮ್ಮಲ್ಲಿ ಐದನೆಯ ಆಯೋಗವನ್ನು 2023ರಲ್ಲಿ ಸಿ. ನಾರಾಯಣಸ್ವಾಮಿ ಅವರ ಅಧ್ಯಕ್ಷತೆಯಲ್ಲಿ ರಚಿಸಿದರು. ಇಂಥ ಆಯೋಗಗಳ ಮುಂದೆ ಸಂಘಟಿತರಾಗಿ ಲೆಕ್ಕ ಹಿಡಿದು ಹೋದವರ ಮಾತು ದಾಖಲಾಗುತ್ತದೆ. ನಾವು ಹೋಗುವುದು ವರದಿ ಬಂದು ಆದೇಶ ಆದ ಮೇಲೆ, ಧರಣಿಗೆ. ಧರಣಿ ಬೇಡ ಎನ್ನುತ್ತಿಲ್ಲ, ಆದರೆ ಆ ಹೊತ್ತಿಗೆ ಹಂಚಿಕೆಯ ಸೂತ್ರ ಗಟ್ಟಿಯಾಗಿರುತ್ತದೆ, ಅಲ್ವಾ?

ಹೋಗುವ ಮೊದಲು ನಿಮ್ಮ ಮನೆಗಂದಾಯ, ನೀರಿನ ಕರ ವಸೂಲಿ ಎಷ್ಟಿದೆ ನೋಡಿಕೊಳ್ಳಿ, ಅವರು ಕೇಳುವ ಮೊದಲ ಪ್ರಶ್ನೆ ಅದೇ.

ಪ್ರಶ್ನೆ: ಸರ್ಕಾರಕ್ಕೆ ಬೇಕಾದ ಯೋಜನೆ ನಮ್ಮ ಪಂಚಾಯತಿಗೆ ಬೇಡ. ಬೇಡ ಎನ್ನಬಹುದೇ? (ಉತ್ತರ ಕನ್ನಡ)

ಎನ್ನಬಹುದು. ಕೇರಳದ ಪ್ಲಾಚಿಮಾಡದಲ್ಲಿ ಪೆರುಮಾಟ್ಟಿ ಪಂಚಾಯತಿ 2003ರಲ್ಲಿ ಕೋಕಾ ಕೋಲಾ ಘಟಕದ ಪರವಾನಗಿ ನವೀಕರಿಸಲು ಒಪ್ಪಲಿಲ್ಲ, ಅಂತರ್ಜಲ ಹೋಗುತ್ತಿದೆ ಎಂಬ ಕಾರಣಕ್ಕೆ. ಹೈಕೋರ್ಟಿನವರೆಗೆ ಹೋಯಿತು. ಕೋರ್ಟಿನಲ್ಲಿ ಒಮ್ಮೆ ಇತ್ತ, ಒಮ್ಮೆ ಅತ್ತ ಆಯಿತು, ಆದರೆ 2004ರ ಮಾರ್ಚ್‌ನಲ್ಲಿ ನಿಂತ ಘಟಕ ಮತ್ತೆ ಶುರುವಾಗಲಿಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಡೆದ 12 ಗ್ರಾಮಸಭೆಗಳೂ ಗಣಿಗಾರಿಕೆ ಬೇಡ ಎಂದವು. ಅಲ್ಲಿ ಅರಣ್ಯ ಹಕ್ಕು ಕಾಯ್ದೆಯ ಬಲ ಇತ್ತು. ನಿಮ್ಮಲ್ಲಿ ಯಾವ ಕಾಯ್ದೆಯ ಬಲ ಇದೆ ಎಂಬುದನ್ನು ಮೊದಲು ವಕೀಲರ ಹತ್ತಿರ ಕೇಳಿಕೊಳ್ಳಿ. ಗ್ರಾಮಸಭೆಯ ನೋಟಿಸು, ಹಾಜರಾತಿ ಸಹಿ, ಫೋಟೊ, ವಿಡಿಯೊ ಒಂದೂ ತಪ್ಪಬಾರದು. ಠರಾವು ಬಿದ್ದುಹೋಗುವುದು ಬಹಳ ಸಲ ವಿಷಯದಿಂದಲ್ಲ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಇರಲಿಲ್ಲ ಎಂಬ ಒಂದು ಸಾಲಿನಿಂದ.