ಬಾಡಿಗೆ ಮನೆ, ಚಿಕ್ಕ ಮಗು, ತಿಗಣೆ ಕಾಟ: ಬೇವಿನೆಣ್ಣೆಯೋ, ಲಕ್ಕಿ ಸೊಪ್ಪೋ, ಕರ್ಪೂರವೋ?

ಮೂರೂ ಬೇಡ. ದಾವಣಗೆರೆಯ ನಿಟ್ಟುವಳ್ಳಿ ಕಡೆ ಬಾಡಿಗೆಗಿದ್ದಾಗ ನಾನೂ ಇವನ್ನೆಲ್ಲ ಮಾಡಿದವಳೇ. ಮಂಚ ಬೇವಿನ ವಾಸನೆ ಹೊಡೀತಿತ್ತು, ತಿಗಣೆ ಎಂದಿನ ಹಾಗೆ ಕಚ್ಚುತ್ತಿತ್ತು. ಬೇವಿನೆಣ್ಣೆ ನೇರ ಮೈಮೇಲೆ ಬಿದ್ದರೆ ಒಂದಷ್ಟು ಸಾಯಬಹುದು, ಸಂದಿಯೊಳಗೆ ಕೂತದ್ದು ವಾಸನೆಗೆಲ್ಲ ಜಗ್ಗಲ್ಲ. ಅದು ಬರೋದೇ ನಮ್ಮ ಉಸಿರು, ಮೈಕಾವು ಹಿಡಿದು.

ನನ್ನ ದೊಡ್ಡ ತಪ್ಪು ಬಿಸಿಲನ್ನ ನಂಬಿದ್ದು. ಏಪ್ರಿಲ್ ತಿಂಗಳು, 40 ಡಿಗ್ರಿ ಹತ್ತಿರದ ಬಿಸಿಲು. ಅರಳೆ ಹಾಸಿಗೆಯನ್ನ ತಾರಸಿ ಮೇಲೆ ಹಾಸಿ, ಸಂಜೆ ಮನೆಯೊಳಗೆ ತಂದು, ಮುಗೀತು ಅಂದುಕೊಂಡೆ. ಎರಡು ರಾತ್ರಿ ನಿದ್ದೆ ಬಂತು, ಮೂರನೇ ರಾತ್ರಿ ಮತ್ತೆ ಶುರು. ಯಾಕೆ ಅಂತ ಆಮೇಲೆ ತಿಳೀತು. ತಿಗಣೆ ಬೇಗ ಸಾಯಬೇಕಾದರೆ ಅದು ಕೂತ ಜಾಗಕ್ಕೇ 50 ಡಿಗ್ರಿ ಕಾವು ಮುಟ್ಟಬೇಕು. ಚಳಿ ತಡೆಯೋ ಅರಳೆ ಬಿಸಿಲನ್ನೂ ತಡೆಯುತ್ತೆ. ಮೇಲ್ಮೈ ಸುಡುತ್ತಿದ್ದರೂ ಒಳಗೆ ತಣ್ಣಗೇ. ಮೇಲಿದ್ದವು ಹರಿದು ಅಡಿಗೆ, ಅಂಚಿನ ಹೊಲಿಗೆಗೆ ಹೋಗಿ ಕೂರುತ್ತವೆ. ಇನ್ನು ಹಾಸಿಗೆ ತಾರಸಿ ಮೇಲಿದ್ದಾಗ ಮಂಚ ಕೋಣೆಯಲ್ಲೇ ಇತ್ತು, ಅರ್ಧ ಸಂಸಾರ ಅದರ ಸಂದಿಯಲ್ಲಿತ್ತು. ಮೊಟ್ಟೆಯ ಯೋಚನೆಯಂತೂ ನಾನು ಮಾಡಲೇ ಇಲ್ಲ. ಅಕ್ಕಿ ನುಚ್ಚಿನ ಚೂರಿನ ಹಾಗೆ ಬೆಳ್ಳಗೆ, 1 ಮಿಲಿಮೀಟರ್ ಉದ್ದ, ಅಂಟಿಸಿದ ಹಾಗೆ ಕೂತಿರುತ್ತೆ. 6ರಿಂದ 10 ದಿನದಲ್ಲಿ ಒಡೆಯುತ್ತೆ. ಒಂದೇ ದಿನದ ಯುದ್ಧದಲ್ಲಿ ಗೆಲ್ಲೋಕಾಗಲ್ಲ.

ಹಾಗಾಗಿ ಮಂಚದಿಂದ ಶುರು ಮಾಡಿ. ಬೋಲ್ಟ್ ಬಿಚ್ಚಿ ಎಲ್ಲ ಭಾಗ ಬೇರೆ ಮಾಡಿ. ನಮ್ಮದು ಕಬ್ಬಿಣದ ಪೈಪಿನ ಮಂಚ. ತುದಿಯ ಪ್ಲಾಸ್ಟಿಕ್ ಬಿರಡೆ ಕಿತ್ತರೆ ಒಳಗೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಹಿಕ್ಕೆ, ಕಳಚಿದ ಪೊರೆ, ಜೊತೆಗೆ ಮರಿಗಳು. ಕುದಿಯೋ ನೀರನ್ನ ಕೆಟಲಿನಿಂದಲೇ ನೇರ, ಸಣ್ಣ ಧಾರೆಯಲ್ಲಿ, ನಿಧಾನವಾಗಿ ಸಂದಿಗೆ ಹೊಯ್ಯಿರಿ. ಬಕೆಟ್ಟಿಗೆ ಸುರಿದು ಒಯ್ಯುವಷ್ಟರಲ್ಲಿ ಕಾವು ಇಳಿದಿರುತ್ತೆ. ಆಗ ಮಗು ಆ ಕಡೆ ಸುಳೀಬಾರದು, ಸ್ವಿಚ್ ಬೋರ್ಡಿನ ಹತ್ತಿರ ನೀರು ಬೇಡವೇ ಬೇಡ. ಪ್ಲೈವುಡ್ ಮಂಚ ಆದರೆ ನೀರಿಗೆ ಉಬ್ಬುತ್ತೆ, ಹಳೇ ಎಟಿಎಂ ಕಾರ್ಡಿನಿಂದ ಸಂದಿ ಕೆರೆದು ಸೋಪಿನ ನೀರಿಗೆ ಉದುರಿಸಿ.

ಹೊದಿಕೆ, ದಿಂಬಿನ ಗವಸು, ಪಕ್ಕದಲ್ಲಿ ನೇತುಹಾಕಿದ ಬಟ್ಟೆ ಎಲ್ಲವನ್ನೂ 60 ಡಿಗ್ರಿ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಿರಿ. ತೆಗೆಯುವಾಗಲೇ ಚೀಲಕ್ಕೆ ಹಾಕಿ ಕಟ್ಟಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಬೀಜ ಬಿತ್ತಿದ ಹಾಗೆ. ಅರಳೆ ಹಾಸಿಗೆಯನ್ನ ಬಿಚ್ಚಿಸಿ, ಗವಸು ಕುದಿಸಿ, ಅರಳೆ ಹಿಂಜಿಸಿ. ಹಿಂಜುವವರಿಗೆ ತಿಗಣೆ ಇದೆ ಅಂತ ಮೊದಲೇ ಹೇಳಿ, ಮುಚ್ಚಿಡೋದು ತಪ್ಪು. ಫೋಮ್ ಆದರೆ ಪೂರ್ತಿ ಮುಚ್ಚೋ ಜಿಪ್ ಕವರ್ ಹಾಕಿ ಒಂದು ವರ್ಷ ತೆಗೀಬೇಡಿ. ದೊಡ್ಡ ತಿಗಣೆ ತಿಂಗಳುಗಟ್ಟಲೆ ರಕ್ತ ಕುಡಿಯದೆ ಬದುಕುತ್ತೆ.

ಮಂಚವನ್ನ ಗೋಡೆಯಿಂದ ಗೇಣುದೂರ ಸರಿಸಿ, ಹೊದಿಕೆ ನೆಲ ಮುಟ್ಟದ ಹಾಗೆ ನೋಡಿಕೊಳ್ಳಿ. ನಾಲ್ಕು ಕಾಲಿಗೂ ಸೋಪಿನ ನೀರಿನ ಬಟ್ಟಲಿಡಿ, ಮೂರು ದಿನಕ್ಕೊಮ್ಮೆ ಬದಲಿಸಿ. ಒಣ ಬಟ್ಟಲು ಸಾಲದು, ನಮ್ಮ ಸೆಖೆ ಸೀಮೆಯ ತಿಗಣೆ ನುಣುಪು ಪ್ಲಾಸ್ಟಿಕ್ಕನ್ನೂ ಹತ್ತುತ್ತೆ. ಗೋಡೆಯ ಬಿರುಕಿಗೆ ಪುಟ್ಟಿ ತುಂಬಿಸಿ, ಓನರ್ ಬೇಡ ಅನ್ನಲ್ಲ. ಕೋಣೆ ಬಿಟ್ಟು ನಡುಮನೆಗೆ ಹೋಗಿ ಮಲಗಬೇಡಿ, ಹಿಂದೆಯೇ ಅವೂ ಬರ್ತವೆ. ಹತ್ತು ದಿನಕ್ಕೆ ಇದೇ ಕೆಲಸ ಮತ್ತೊಮ್ಮೆ, ಇಪ್ಪತ್ತಕ್ಕೆ ಇನ್ನೊಮ್ಮೆ. ಆಮೇಲೆ ಎರಡು ತಿಂಗಳು ವಾರಕ್ಕೊಮ್ಮೆ ಟಾರ್ಚ್ ಹಾಕಿ ಹೊಲಿಗೆ ನೋಡಿ. ಕಪ್ಪು ಚುಕ್ಕೆಯ ಮೇಲೆ ಒದ್ದೆ ಬಟ್ಟೆ ಎಳೆದಾಗ ಕಂದು ಬಣ್ಣ ಹರಡಿದರೆ ಅದು ತಿಗಣೆಯದೇ.

ಸೀಮೆಎಣ್ಣೆ ಹಚ್ಚಬೇಡಿ, ಬೆಂಕಿ ಹತ್ತೋ ವಸ್ತು. ಮಗು ಇರೋ ಮನೆಯಲ್ಲಿ ನುಸಿಗುಳಿಗೆಯೂ ಬೇಡ. ಮೂರು ಸುತ್ತಾದ ಮೇಲೂ ಉಳಿದರೆ ಔಷಧಿ ಹೊಡೆಯುವವರನ್ನೇ ಕರೆಸಿ, ಅವರು ಹೇಳಿದಷ್ಟು ಹೊತ್ತು ಮಗುವನ್ನ ಹೊರಗೆ ಇಟ್ಟುಕೊಳ್ಳಿ. ಸೊಪ್ಪು ಹಚ್ಚುತ್ತಾ ಆರು ತಿಂಗಳು ಕಚ್ಚಿಸಿಕೊಳ್ಳೋದಕ್ಕಿಂತ ಅದು ಮೇಲು.

ಮನೆಯವರು "ನನಗೇನೂ ಕಚ್ಚಲ್ಲ" ಅಂದರೆ ನಂಬಬೇಡಿ. ಕೆಲವರ ಮೈಮೇಲೆ ಗುಳ್ಳೆ ಏಳಲ್ಲ, ಅಷ್ಟೇ. ನಮ್ಮದು ಗೋಡೆಗೆ ಗೋಡೆ ಅಂಟಿದ ವಠಾರ, ನಾಚಿಕೆಗೆ ಒಂದು ತಿಂಗಳು ಯಾರಿಗೂ ಹೇಳದೆ ಇದ್ದೆ. ಕೊನೆಗೆ ಹೇಳಿದಾಗ ಪಕ್ಕದ ಮನೆ ಆಂಟಿ ಮಾತೇ ಆಡಲಿಲ್ಲ. ಸೆರಗು ಸರಿಸಿ ತೋಳು ತೋರಿಸಿದರು, ಸಾಲಾಗಿ ಮೂರು ಗುಳ್ಳೆ. ಆ ಭಾನುವಾರ ಎರಡೂ ಮನೆಯ ಮಂಚ ಒಟ್ಟಿಗೇ ಬಿಚ್ಚಿದೆವು.