ಸುಣ್ಣದಕಲ್ಲಿನ ವಯಸ್ಸು ಕಾರ್ಬನ್ ಡೇಟಿಂಗ್‌ನಿಂದ ಗೊತ್ತಾಗುತ್ತದಾ?

ಕೋಟಿಗಟ್ಟಲೆ ವರ್ಷ ಹಳೆಯ ಕಲ್ಲಿಗೆ ಆಗುವುದಿಲ್ಲ. ಅದರಲ್ಲಿ ಅಳೆಯುವ ಕಾರ್ಬನ್-14 ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತದೆ. ಸುಮಾರು 50,000 ವರ್ಷ ದಾಟಿದರೆ ಅಳೆಯುವಷ್ಟು ಉಳಿದಿರುವುದಿಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ಸ್ಟ್ರಾನ್ಷಿಯಂ, ಕ್ಯಾಲ್ಸಿಯಂನಂಥದ್ದೇ ಒಂದು ಲೋಹ. ಇದರಲ್ಲಿ ತೂಕ ಬೇರೆ ಬೇರೆ ಇರುವ ಪರಮಾಣುಗಳಿವೆ: ಸ್ಟ್ರಾನ್ಷಿಯಂ-86, ಸ್ಟ್ರಾನ್ಷಿಯಂ-87 ಹೀಗೆ. ನಮ್ಮ ನೇತ್ರಾವತಿಯನ್ನೇ ನೋಡಿ. ಘಟ್ಟದ ಹಳೇ ಬಂಡೆಗಳು ಸವೆದಾಗ ಅವುಗಳ ಸ್ಟ್ರಾನ್ಷಿಯಂ ಮಂಗಳೂರಿನ ಅಳಿವೆ ದಾಟಿ ಕಡಲು ಸೇರುತ್ತದೆ. ಹೀಗೆ ಬರುವುದರಲ್ಲಿ ಸ್ಟ್ರಾನ್ಷಿಯಂ-87 ಜಾಸ್ತಿ. ಕಡಲತಳದ ಜ್ವಾಲಾಮುಖಿ ಕಲ್ಲಿನಿಂದ ಬರುವುದರಲ್ಲಿ ಕಡಿಮೆ. ಎಲ್ಲ ಚೆನ್ನಾಗಿ ಬೆರೆತು, ಯಾವ ಸಾಗರದಲ್ಲಿ ನೋಡಿದರೂ 87 ಮತ್ತು 86ರ ಅನುಪಾತ ಈಗ ಸುಮಾರು 0.7092. ಜುರಾಸಿಕ್ ಕಾಲದಲ್ಲಿ ಒಮ್ಮೆ 0.7068ರ ಹತ್ತಿರಕ್ಕೆ ಇಳಿದಿತ್ತು. ಮರುವಾಯಿಯಂಥ (ಸುಕ್ಕ ಮಾಡುತ್ತೇವಲ್ಲ, ಅದೇ) ಜೀವಿಗಳು ಕ್ಯಾಲ್ಸಿಯಂ ಜೊತೆ ಸ್ಟ್ರಾನ್ಷಿಯಂ ಅನ್ನೂ ಚಿಪ್ಪಿಗೆ ಸೇರಿಸಿಕೊಳ್ಳುತ್ತವೆ. ಸುಣ್ಣದಕಲ್ಲಿನಲ್ಲಿರುವ ಹಳೇ ಚಿಪ್ಪಿನ ಅನುಪಾತ ಅಳೆದು, ಕಾಲ ಗೊತ್ತಿರುವ ಗ್ರಾಫ್‌ಗೆ ಹೋಲಿಸಿದರೆ ವಯಸ್ಸು ಸಿಗುತ್ತದೆ.

ಆದರೆ ಒಂದೇ ಅನುಪಾತ ಬೇರೆ ಬೇರೆ ಕಾಲದಲ್ಲೂ ಬಂದಿದೆ. ಹಾಗಾಗಿ ಪಳೆಯುಳಿಕೆಯ ಸುಳಿವು ಬೇಕೇ ಬೇಕು. ಮಳೆನೀರು ಇಳಿದು ಕೆಟ್ಟ ಕಲ್ಲಾದರೆ ಲೆಕ್ಕ ಸುಮ್ನೆ ದಾರಿ ತಪ್ಪುತ್ತದೆ. ಚಿಪ್ಪುಗಳೇ ಇರದ ಕಾಲದ ಕಲ್ಲಿಗೆ ಯುರೇನಿಯಂ-ಸೀಸದ ವಿಧಾನ (ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆಯುವುದು) ಹೆಚ್ಚು ನಂಬಿಕೆಯದು.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳಿಗೆ ಈ ಚಿಪ್ಪಿನ ಲೆಕ್ಕ ಅನ್ವಯಿಸುವುದಿಲ್ಲ. ಅವು ಲಾವಾದ ಕಲ್ಲುಗಳು, ಅಲ್ವಾ!