(ಯ²+1)/(ಯ²−1) ಅನ್ನು ಆಂಶಿಕ ಭಿನ್ನರಾಶಿಗಳಾಗಿ ಒಡೆದು ಅನುಕಲಿಸಿದರೆ ಉತ್ತರ ತಪ್ಪುವುದೇಕೆ?

ನೀವು ಒಡೆದದ್ದು 1/(ಯ−1) − 1/(ಯ+1) ಎಂದಲ್ಲವೇ? ಯ=0 ಹಾಕಿ ನೋಡಿ: ಮೂಲ ಭಿನ್ನರಾಶಿ −1, ನಿಮ್ಮದು −2. ಎಲ್ಲೋ ಒಂದು 1 ಕಳೆದುಹೋಗಿದೆ.

ಅಂಶದ ಘಾತ ಛೇದದ ಘಾತಕ್ಕಿಂತ ಕಡಿಮೆ ಇದ್ದರೆ ಮಾತ್ರ ನೇರವಾಗಿ ಒಡೆಯಬಹುದು. ಇಲ್ಲಿ ಎರಡೂ 2. ಆದ್ದರಿಂದ ಮೊದಲು ಭಾಗಿಸಬೇಕು: 1 + 2/(ಯ²−1). ಉಳಿದ ತುಂಡನ್ನು ಒಡೆದರೆ ನಿಮ್ಮ ಎರಡು ಪದಗಳೇ ಬರುತ್ತವೆ. ತಮಾಷೆಯೆಂದರೆ ನಿಮ್ಮ ಸಹಗುಣಕಗಳಲ್ಲಿ ತಪ್ಪೇನೂ ಇರಲಿಲ್ಲ. ಅನುಕಲನ:

ಯ + ಲಾಗ್|ಯ−1| − ಲಾಗ್|ಯ+1| + ಸ್ಥಿರಾಂಕ

(ಲಾಗ್ ಎಂದರೆ ಸ್ವಾಭಾವಿಕ ಲಘುಗಣಕ.)

ಛೇದದಲ್ಲಿ (ಯ−1)² ಇದ್ದರೆ 1/(ಯ−1) ಮತ್ತು 1/(ಯ−1)² ಎರಡಕ್ಕೂ ಸಹಗುಣಕ ಇಟ್ಟುಕೊಳ್ಳಿ. ಯ²+1 ರಂತಹ ಒಡೆಯದ ಅಪವರ್ತನದ ಮೇಲೆ ಬರಿಯ ಸ್ಥಿರಾಂಕ ಸಾಲದು, ಯ ಇರುವ ಪದವೂ ಬೇಕು.